ಯರ್ರಿಸ್ವಾಮಿಯ ವಾಚಿನ ಕುಂಟು ಸದ್ದು

ಗುರುಮೂರ್ತಿಯವರ ಹತ್ತಿರ ಅರವತ್ತೊಂದು ಕೈಗಡಿಯಾರಗಳಿದ್ದವು. ಪೂರ್ತಿಯಾಗಿ ಒಬ್ಬರದೇ ಅನ್ನಬಹುದಾದದ್ದು ಅವುಗಳಲ್ಲಿ ಒಂದೂ ಇರಲಿಲ್ಲ. ಒಂದರ ಯಂತ್ರ ಹಡಗಲಿಯಲ್ಲಿ ತೀರಿಕೊಂಡ ಮೇಷ್ಟರೊಬ್ಬರದು, ಅದರ ಕವಚ ಹರಪನಹಳ್ಳಿಯ ಗುಜರಿಯದು, ಡಯಲ್ ಮುಂಬೈಯಲ್ಲಿ ಹಳೆಯದರ ಹಾಗೆಯೇ ಹೊಸದಾಗಿ ಅಚ್ಚಾದದ್ದು. ಹೀಗೆ ಮೂರು ಕಡೆಯ ಚೂರು ಕೂಡಿಸಿ ಒಂದು ವಾಚು ನಡೆಸುವುದರಲ್ಲೇ ಅವರಿಗೆ ಸುಖ. ಕೂಡ್ಲಿಗಿಯ ಕಾಲೇಜೊಂದರ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ಅವರು ಸಹಾಯಕ. ವಯಸ್ಸು ನಲವತ್ತಾರು, ಕೈ ನಡುಗುವುದಿಲ್ಲ. ಭಾನುವಾರ ಬೆಳಿಗ್ಗೆ ಕಿಟಕಿಯ ಪಕ್ಕ ಕೂತು ಭೂತಗನ್ನಡಿ ಕಣ್ಣಿಗೆ ಸಿಕ್ಕಿಸಿಕೊಂಡರೆ ಊಟಕ್ಕೆ ಎರಡು ಸಲ ಕರೆಯಬೇಕು.

"ಸತ್ತೋರ್ನೆಲ್ಲಾ ಒಂದು ಡಬ್ಬ್ಯಾಗ ಹಾಕಿ ಕಲಸಿಟ್ಟೀರಿ. ಒಬ್ಬರ ಕಣ್ಣು ಒಬ್ಬರಿಗೆ ಹಚ್ಚೀರಿ. ಅವ್ರೆಲ್ಲಾ ಒಂದಿನ ಎದ್ದು ಕೇಳಿದ್ರ ಏನ್ ಹೇಳ್ತೀರಿ?" ಎಂದು ಹೆಂಡತಿ ಸಮತಾ ಚೇಷ್ಟೆ ಮಾಡುತ್ತಿದ್ದಳು.

"ಟೈಮ್ ಎಷ್ಟಾತು ಅಂತ ಹೇಳ್ತೀನಿ" ಎನ್ನುತ್ತಿದ್ದರು ಅವರು.

ಹೋದ ಶ್ರಾವಣದಲ್ಲಿ ಕಾನಹೊಸಹಳ್ಳಿ ಕಡೆಯ ಭರಮಮ್ಮ ಎಂಬ ಮುದುಕಿ ಸೆರಗಿನ ತುದಿಯಲ್ಲಿ ಗಂಟು ಕಟ್ಟಿದ್ದ ಒಂದು ಎಚ್‌ಎಂಟಿ ವಾಚು ತಂದುಕೊಟ್ಟಳು. ಅದು ಅವಳ ಗಂಡ ಯರ್ರಿಸ್ವಾಮಿಯದು. ಕುರಿ ಕಾಯುತ್ತಿದ್ದ ಅವನು ಮಾಘದಲ್ಲಿ ತೀರಿಕೊಂಡಿದ್ದ. ವಾಚು ನಿಂತಿತ್ತು. ನಡೆಯುವ ಹಾಗೆ ಮಾಡಿಕೊಡು ಎಂದಷ್ಟೇ ಹೇಳಿ ಹೋದಳು.

ಗುರುಮೂರ್ತಿ ತಮ್ಮ ರೂಢಿಯಂತೆ ಎಲ್ಲವನ್ನೂ ಸರಿ ಮಾಡಿದರು. ಎಣ್ಣೆ ಒಣಗಿ ಗಟ್ಟಿಯಾಗಿದ್ದ ಯಂತ್ರವನ್ನು ಬಿಚ್ಚಿ ಡಬ್ಬಿಗೆ ಹಾಕಿ, ಬೇರೊಂದು ಚೊಕ್ಕ ಯಂತ್ರ ಕೂರಿಸಿದರು. ಚಹಾದ ಬಣ್ಣಕ್ಕೆ ತಿರುಗಿದ್ದ ಡಯಲ್ ತೆಗೆದು ಹೊಸ ಬಿಳಿ ಡಯಲ್ ಹಾಕಿದರು. ಕವಚದ ಮೇಲಿದ್ದ ಗೀರನ್ನು ಉಜ್ಜಿ ಉಜ್ಜಿ ಕನ್ನಡಿಯಂತೆ ಮಾಡಿದರು. ದಿನಕ್ಕೆ ನಾಲ್ಕು ಸೆಕೆಂಡಿಗಿಂತ ಹೆಚ್ಚು ತಪ್ಪದ ವಾಚು ಅದಾಯಿತು.

ಮಹಾಲಯ ಅಮಾವಾಸ್ಯೆಗೆ ಹನ್ನೊಂದು ದಿನ ಇರುವಾಗ ಭರಮಮ್ಮ ಬಂದಳು. ವಾಚನ್ನು ಕಿವಿಗೆ ಹಿಡಿದಳು. ಮತ್ತೊಂದು ಕಿವಿಗೆ ಹಿಡಿದಳು.

"ಇದು ನಮ್ಮೋರ್ದಲ್ಲಪ್ಪ."

"ನಿಮ್ದೇ ಐತಿ ನೋಡ್ರೆವ್ವಾ. ಹೊಸದ್ರಂಗ ಮಾಡೀನಿ."

"ಹೊಸದ್ರಂಗ ಮಾಡು ಅಂತ ಯಾರ್ ಹೇಳಿದ್ರು? ಅದು ಕುಂಟ್ತಿತ್ತು. ಇದು ಪೊಲೀಸ್ರು ನಡದಂಗ ನಡೀತತಿ. ಮೂವತ್ತು ವರ್ಷ ಅವನ ತೋಳು ನನ್ನ ತಲಿಬುಡಕ ಇತ್ತು, ನನಗ ಗೊತ್ತಾಗಲ್ಲೇನು?"

"ಹೊರಗಿನ ಕವಚ ನಿಮ್ದೇ ರೀ."

"ಒಳಗಿಂದು?"

"ಅದು ಬ್ಯಾರೆ."

"ಮಾರಿ?"

"ಅದೂ ಹೊಸದು."

"ಅಂದ್ರ ಗಂಡನ್ನ ಇಲ್ಲಿ ಬಿಟ್ಟು ಅವನ ಅಂಗಿ ಇಸ್ಕಂಡು ಹೋಗ್ಬೇಕೇನು ನಾನು?"

ಅವಳು ಸಿಟ್ಟಾಗಿರಲಿಲ್ಲ, ಗಾಬರಿಯಾಗಿದ್ದಳು. ಅಮಾವಾಸ್ಯೆಯ ದಿನ ಅವರ ಮನೆಯಲ್ಲಿ ಹಿರಿಯರಿಗೆ ಎಡೆ ಇಡುತ್ತಾರೆ. ತೀರಿಕೊಂಡವರ ಮೈಗೆ ಹತ್ತಿದ್ದ ಒಂದು ವಸ್ತು ಎಡೆಯ ಮುಂದೆ ಇರಬೇಕು, ಅದರ ಗುರುತು ಹಿಡಿದೇ ಅವರು ಬರುವುದು. ಯರ್ರಿಸ್ವಾಮಿಯ ಕಂಬಳಿಯನ್ನು ಅವನ ಜೊತೆಗೇ ಮಣ್ಣು ಮಾಡಿದ್ದರು. ಉಳಿದದ್ದು ಆಸ್ಪತ್ರೆಯಲ್ಲಿ ಬಿಚ್ಚಿ ಅವಳ ಕೈಗೆ ಕೊಟ್ಟ ಈ ವಾಚೊಂದೇ. ಇದು ಅವನ ಮೊದಲ ಅಮಾವಾಸ್ಯೆ.

"ಮೊದಲ್ನೇ ವರ್ಷ ದಾರಿ ತಪ್ಪಿದ್ರ ಮುಂದ ಬರಂಗಿಲ್ಲಪ್ಪ ಅವ್ರು" ಎಂದಳು.

ಗುರುಮೂರ್ತಿ ಮೆಲ್ಲಗೆ ಎಡಗೈಯನ್ನು ಮೇಜಿನ ಕೆಳಗೆ ತಂದರು. ಹಳೆಯ ವಾಚು ಕೂಡಿಸುವವರಿಗೆ ಚಹಾದ ಬಣ್ಣದ ಡಯಲ್ ಎಂದರೆ ಆಸೆ. ಯಾರಿಗೂ ಬೇಡದ ಚೂರು ಅಂದುಕೊಂಡು ಅದನ್ನು ಅವರು ತಮ್ಮ ವಾಚಿಗೇ ಹಾಕಿಕೊಂಡಿದ್ದರು. ಅವಳ ಗಂಡನ ವಾಚಿನ ಮುಖ ಅವರ ಮಣಿಕಟ್ಟಿನಲ್ಲಿತ್ತು.

"ಅಮಾಸಿ ದಿನ ನಾನೇ ತಂದುಕೊಡ್ತೀನಿ" ಎಂದರು. ಮುಖದ ವಿಷಯ ಹೇಳಲಿಲ್ಲ.

ಅವಳು ಹೋದ ಮೇಲೆ ಸಮತಾ ಕೇಳಿದಳು: "ಇಷ್ಟೂ ತಿಳೀಲಿಲ್ಲೇನ್ರಿ ನಿಮಗ?" ಗುರುಮೂರ್ತಿಯವರ ತಂದೆ ಬೌದ್ಧ ಧರ್ಮ ಸ್ವೀಕರಿಸಿದಂದಿನಿಂದ ಆ ಮನೆಯಲ್ಲಿ ಎಡೆ ಇಟ್ಟಿರಲಿಲ್ಲ. ಆಗ ಗುರುಮೂರ್ತಿಯವರಿಗೆ ಆರು ವರ್ಷ. ಸತ್ತವರು ಬರುತ್ತಾರೆಂದು ಅವರು ನಂಬುವುದಿಲ್ಲ. ಆದರೂ ಅಂದೇ ತಮ್ಮ ಕೈಯ ವಾಚು ಬಿಚ್ಚಿ ಡಯಲ್ ತೆಗೆದು ಕಾಗದದಲ್ಲಿ ಸುತ್ತಿಟ್ಟರು.

ಮರುದಿನ ಪ್ರಯೋಗಾಲಯದಲ್ಲಿ ಲೋಲಕ ಜೋಡಿಸುವಾಗ ಬರಿಗೈಯ ಮಣಿಕಟ್ಟಿನಲ್ಲಿ ಟಿಕ್‌ಟಿಕ್ ಎಂದಂತಾಯಿತು. ಒಂದು ಬಡಿತ ಬೇಗ, ಒಂದು ತಡ. ನಾಡಿ ಎಂದುಕೊಂಡು ಬೆರಳಿಟ್ಟು ಎಣಿಸಿದರು. ನಿಮಿಷಕ್ಕೆ ಎಪ್ಪತ್ತಾರು, ಬಡಿತ ಸಮವಾಗಿತ್ತು. ಬೆರಳು ತೆಗೆದರೆ ಮತ್ತೆ ಕುಂಟು. ಮೂರು ದಿನ ಹೀಗೆ ಎಣಿಸಿದರು. ನಾಲ್ಕನೆಯ ದಿನ ಎಣಿಸಲು ಧೈರ್ಯವಾಗಲಿಲ್ಲ.

ಯಂತ್ರವನ್ನು ಹುಡುಕುವುದು ಹೆಚ್ಚು ಕಷ್ಟವಾಯಿತು. ಬಿಚ್ಚಿ ಹಾಕಿದ್ದ ಡಬ್ಬಿಯಲ್ಲಿ ಅದೇ ಬಗೆಯ ಇಪ್ಪತ್ಮೂರು ಯಂತ್ರಗಳಿದ್ದವು. ಯಾವುದಕ್ಕೂ ಹೆಸರಿನ ಚೀಟಿ ಹಚ್ಚಿರಲಿಲ್ಲ. ಹೆಸರು ಬೇಕಾದೀತೆಂದು ಅವರಿಗೆ ಎಂದೂ ಅನಿಸಿರಲಿಲ್ಲ. ಒಂದೊಂದನ್ನೇ ಬಿಳಿ ಕಾಗದದ ಮೇಲಿಟ್ಟು ಭೂತಗನ್ನಡಿಯಲ್ಲಿ ನೋಡತೊಡಗಿದರು. ಒಂದರಲ್ಲಿ ಸುಣ್ಣದ ಪುಡಿ, ಒಂದರಲ್ಲಿ ತಂಬಾಕಿನ ಕಂದು, ಒಂದರಲ್ಲಿ ಕುಂಕುಮದಂಥ ಕೆಂಪು ಕಣ. ತೊಳೆಯುವ ಮೊದಲು ಹೀಗೆ ನೋಡಿದ್ದು ಇದೇ ಮೊದಲು. ಇಷ್ಟು ವರ್ಷ ಇದನ್ನೆಲ್ಲ ಕೊಳೆ ಎಂದು ಪೆಟ್ರೋಲಿನಲ್ಲಿ ಅದ್ದಿ ಚೆಲ್ಲಿದ್ದರು.

ಹದಿನೇಳನೆಯದರಲ್ಲಿ, ಕೀಲಿ ಕೊಡುವ ಕಡ್ಡಿಗೆ ಕಪ್ಪು ಎಳೆಯೊಂದು ಸುತ್ತಿಕೊಂಡಿತ್ತು. ಚಿಮಟದಲ್ಲಿ ಹಿಡಿದು ನೋಡಿದರು. ಕುರಿಯ ಉಣ್ಣೆ.

ತೊಳೆದು, ಎಣ್ಣೆ ಬಿಟ್ಟು, ಕೀಲಿ ಕೊಟ್ಟಾಗ ಅದು ನಡೆಯಿತು. ಮೊಬೈಲನ್ನು ಅದರ ಪಕ್ಕದಲ್ಲಿಟ್ಟು ಆ್ಯಪಿನಲ್ಲಿ ಸದ್ದು ಅಳೆದರು. ಎರಡು ಬಡಿತಗಳ ನಡುವಿನ ಬಿಡುವು ಸಮವಾಗಿರಲಿಲ್ಲ. ಇದು ಸಣ್ಣ ದೋಷ. ಕೂದಲೆಳೆಯಂಥ ಸ್ಪ್ರಿಂಗಿನ ಬುಡವನ್ನು ತುಸು ತಿರುಗಿಸಿದರೆ ಎರಡೇ ನಿಮಿಷದಲ್ಲಿ ಹೋಗುತ್ತದೆ. ಅವರ ಬಲಗೈ ತಾನಾಗಿಯೇ ಸೂಜಿಯ ಕಡೆ ಹೋಯಿತು. ಎಡಗೈಯಿಂದ ಅದನ್ನು ಹಿಡಿದುಕೊಂಡರು. ಹೊಸ್ತಿಲಲ್ಲಿ ನಿಂತಿದ್ದ ಸಮತಾ ಚೇಷ್ಟೆ ಮಾಡಲಿಲ್ಲ.

ಕಪ್ಪು ಎಳೆಯನ್ನು ಯಂತ್ರದೊಳಗೆ ಬಿಡುವಂತಿರಲಿಲ್ಲ, ಚಕ್ರಕ್ಕೆ ಸಿಕ್ಕಿದರೆ ವಾಚು ನಿಲ್ಲುತ್ತದೆ. ಯಂತ್ರ, ಹಳೆಯ ಡಯಲ್ ಎರಡನ್ನೂ ಅವನ ಕವಚದಲ್ಲೇ ಕೂರಿಸಿ, ಎಳೆಯನ್ನು ಹಿಂದಿನ ಮುಚ್ಚಳದ ಒಳಮೈಗೆ ಅಂಟಿಸಿ ಮುಚ್ಚಿದರು.

ಅಮಾವಾಸ್ಯೆಯ ಮಧ್ಯಾಹ್ನ ಭರಮಮ್ಮನ ಮನೆಯಲ್ಲಿ ಎಡೆ ಸಿದ್ಧವಾಗಿತ್ತು. ಸೊಸೆ ರೋಜಾ ಮಣೆ ಹಾಕಿದಳು. ಗುರುಮೂರ್ತಿ ಕೂರಲಿಲ್ಲ.

"ಇದರ ಮಾರಿ ಒಂದು ತಿಂಗಳು ನನ್ನ ಕೈಯಾಗಿತ್ತು ಯವ್ವಾ. ಚೆಂದ ಕಾಣ್ತು ಅಂತ ಹಾಕ್ಕಂಡಿದ್ದೆ. ಅವತ್ತು ನೀವು ಬಂದಾಗ್ಲೂ ಇತ್ತು. ಮುಚ್ಚಿಟ್ಟೆ."

ಅವಳು ವಾಚನ್ನು ಕೈಗೆ ತೆಗೆದುಕೊಂಡಳು. ಹೆಬ್ಬೆರಳಿನಿಂದ ಕವಚದ ಅಂಚನ್ನು ಸವರುತ್ತ ಹೋಗಿ ಒಂದು ಕಡೆ ನಿಂತಳು.

"ಇಲ್ಲೊಂದು ಗೀರಿತ್ತು. ಟಗರು ಹಾಯ್ದು ಕೆಡವಿದಾಗ ಕಲ್ಲಿಗೆ ಬಡದದ್ದು."

"ಉಜ್ಜಿಬಿಟ್ಟೀನಿ. ಅದು ತಿರುಗಿ ಬರಂಗಿಲ್ಲ."

"ಉಜ್ಜಿದ ಪುಡಿ?"

"ಅರಿವ್ಯಾಗ ಹತ್ಕಂಡಿತ್ತು. ತೊಳದುಬಿಟ್ಟೆ."

ಅವಳು ಅಂಚಿನ ನುಣುಪನ್ನು ಇನ್ನೊಮ್ಮೆ ಮುಟ್ಟಿ ನೋಡಿದಳು. ಆಮೇಲೆ ವಾಚನ್ನು ಕಿವಿಗೆ ಹಿಡಿದಳು. ರೋಜಾ ಕೈಯಲ್ಲಿದ್ದ ಸೌಟನ್ನು ಹಾಗೆಯೇ ಹಿಡಿದು ನಿಂತಳು. ಭರಮಮ್ಮ ಕಣ್ಣು ಮುಚ್ಚಿ ಬಹಳ ಹೊತ್ತು ಕೇಳಿದಳು.

"ಅದಾನ" ಎಂದಳು.

ವಾಚನ್ನು ಎಡೆಯ ಮುಂದಿಟ್ಟು ಎಲ್ಲರೂ ಹೊರಗೆ ಬಂದರು. ಹಿರಿಯರು ಉಣ್ಣುವಾಗ ಯಾರೂ ನೋಡಬಾರದು. ರೋಜಾ ಬಾಗಿಲು ಎಳೆದುಕೊಂಡಳು. ಕೈಗಡಿಯಾರದ ಸದ್ದು ಮರದ ಬಾಗಿಲು ದಾಟಿ ನಾಲ್ಕು ಹೆಜ್ಜೆ ದೂರಕ್ಕೆ ಕೇಳುವುದಿಲ್ಲ. ಗುರುಮೂರ್ತಿಯವರಿಗೆ ಇದು ಚೆನ್ನಾಗಿ ಗೊತ್ತಿತ್ತು.

ಭರಮಮ್ಮ ಬಾಗಿಲಿಗೆ ಕಿವಿಗೊಟ್ಟು, ಬೆರಳನ್ನು ತುಟಿಯ ಮೇಲಿಟ್ಟಳು.

"ಮಾತಾಡಬ್ಯಾಡ್ರಿ, ಕುಂತಾನ" ಎಂದು ಪಿಸುಗುಟ್ಟಿದಳು. "ಬಾ ಅಪ್ಪಾ, ನೀನೂ ಕೇಳು."

ಗುರುಮೂರ್ತಿ ಅಂಗಳದ ಬಿಸಿಲಿನಲ್ಲೇ ನಿಂತಿದ್ದರು. ಬರಿಗೈಯ ಮಣಿಕಟ್ಟಿನಲ್ಲಿ ಒಂದು ಬಡಿತ ಬೇಗ, ಒಂದು ತಡ. ಬಾಗಿಲ ಹತ್ತಿರ ಹೋಗುವ ಅಗತ್ಯ ಅವರಿಗಿರಲಿಲ್ಲ.