ದಕ್ಷಿಣ ಅಮೆರಿಕಕ್ಕೆ ಹೊರಟಿದ್ದ ವೃಷಾಲಿ ಆತ್ಯಾ

ಮಿರಜದಲ್ಲಿ ಮನೆ, ಸಾಂಗಲಿಯ ಮಾರ್ಕೆಟ್ ಯಾರ್ಡಿನಲ್ಲಿ ಅರಿಶಿಣದ ಅಂಗಡಿ. ಈ ಎರಡರ ನಡುವೆ ಸ್ಕೂಟರಿನಲ್ಲಿ ಓಡಾಡುತ್ತಲೇ ವೃಷಾಲಿಗೆ ನಲವತ್ತು ದಾಟಿತ್ತು. ಮದುವೆಯಾಗಿರಲಿಲ್ಲ. ಕೊರೊನಾದ ಎರಡನೆಯ ಅಲೆಯಲ್ಲಿ ತಮ್ಮ ಅನೇಕಾಂತ ತೀರಿಕೊಂಡ. ಅವನ ಹೆಂಡತಿ ಅಲಕಾಗೆ ಪುಣೆಯಲ್ಲಿ ಕೆಲಸ ಸಿಕ್ಕಿತು. "ಒಂದ ವರ್ಷ ನೋಡ್ಕೋರಿ ಅಕ್ಕಾ, ಆಮ್ಯಾಲ ಕರ್ಕೊಂಡು ಹೋಗ್ತೀನಿ" ಎಂದು ಇಬ್ಬರು ಮಕ್ಕಳನ್ನು ನಾದಿನಿಯ ಬಳಿ ಬಿಟ್ಟು ಹೋದಳು. ಸಂಪದಾ ಆಗಷ್ಟೇ ಶಾಲೆಗೆ ಸೇರಿದ್ದಳು. ಯಶ ಇನ್ನೂ ತೊದಲುತ್ತಿದ್ದ.

ಒಂದು ವರ್ಷ ನಾಲ್ಕಾಯಿತು. ಅಲಕಾ ತಿಂಗಳಿಗೊಮ್ಮೆ ಬಂದು ಹೋಗುತ್ತಿದ್ದಳು. ಯಶ ಹೆತ್ತ ತಾಯಿಯನ್ನು "ಪುಣೆ ಆಯಿ" ಎನ್ನುತ್ತಿದ್ದ. ಬಿದ್ದು ಮೊಣಕಾಲು ತರಚಿದಾಗ, ಜ್ವರ ಬಂದಾಗ ಅವನ ಬಾಯಿಗೆ ಬರುತ್ತಿದ್ದುದು ಅಪ್ಪನ ಅಕ್ಕನನ್ನು ಕರೆಯುವ "ಆತ್ಯಾ" ಮಾತ್ರ.

ಹಡಗಿನ ಮಾತು ಶುರುವಾದದ್ದು ಇಬ್ಬರು ಮಕ್ಕಳಿಗೂ ಸಿಡುಬಿನಂಥ ಗುಳ್ಳೆ ಎದ್ದು ಶಾಲೆ ತಪ್ಪಿದ ವಾರದಲ್ಲಿ. ಮೊಬೈಲಿನಲ್ಲಿ ಯಾವುದೋ ಕುಟುಂಬ ದಕ್ಷಿಣ ಅಮೆರಿಕವನ್ನು ಹಡಗಿನಲ್ಲಿ ಸುತ್ತುತ್ತಿತ್ತು. ದಂಡೆಯ ತುಂಬ ಪೆಂಗ್ವಿನ್‌ಗಳು. "ಆತ್ಯಾ, ನಾವೂ ಹೋಗೂಣೇನ?" ಎಂದ ಯಶ. ಮೈ ಕೆರೆಯುವುದನ್ನು ಬಿಡಲಿ ಎಂದು ವೃಷಾಲಿ "ಹೋಗೂಣು" ಎಂದುಬಿಟ್ಟಳು.

ಮಕ್ಕಳ ಮುಂದೆ ಆಡಿದ ಮಾತು ಅವಳ ಮಟ್ಟಿಗೆ ಮಾತೇ. ರಿಯೋದಿಂದ ಹೊರಟು, ಖಂಡದ ತುದಿ ಬಳಸಿ, ಚಿಲಿಯ ಬಂದರಿಗೆ ಸೇರುವ ಹಡಗನ್ನು ಸಾಂಗಲಿಯ ಟ್ರಾವೆಲ್ಸಿನವನು ಹುಡುಕಿಕೊಟ್ಟ. ತಿಂಗಳಿಗೂ ಮಿಕ್ಕಿದ ಪಯಣ. ಅದೂ ಡಿಸೆಂಬರಿನಲ್ಲಿ, ಶಾಲೆ ನಡೆಯುವಾಗ. ವೃಷಾಲಿ ಮುಖ್ಯೋಪಾಧ್ಯಾಯಿನಿಯ ಮುಂದೆ ಹೋಗಿ ಕುಳಿತಳು. ಅವರು ನಕ್ಕು, "ಪುಸ್ತಕ ಒಯ್ರಿ, ಬಂದ ಮ್ಯಾಲ ಪರೀಕ್ಷಾ ಬರೀಲಿ" ಎಂದರು. ಹತ್ತಿರದ ಬೇಡಗ ಊರಿನಲ್ಲಿ ತನ್ನ ಹೆಸರಿಗಿದ್ದ ದ್ರಾಕ್ಷಿ ತೋಟದ ಪಾಲನ್ನು ಅವಳು ಮಾರಿ ಟಿಕೀಟು ಕಾಯ್ದಿರಿಸಿದಳು.

ಮನೆಯಲ್ಲಿ ಬೇರೆ ಮಾತೇ ಇರಲಿಲ್ಲ. ಉಳ್ಳಾಗಡ್ಡಿ, ಬಟಾಟಿ ಮುಟ್ಟದ ಜೈನರು ಹಡಗಿನಲ್ಲಿ ತಿನ್ನುವುದೇನು? ದಶಮಿ ರೊಟ್ಟಿ ಎಷ್ಟು ದಿನ ಕೆಡದೆ ಇರುತ್ತದೆ? ಸೂರ್ಯ ಮುಳುಗಿದ ಮೇಲೆ ತುತ್ತು ಮುಟ್ಟದ ವೃಷಾಲಿಯ ತಂದೆ ಪಾರ್ಶ್ವನಾಥರಿಗೆ ಸಂಪದಾ ಹೇಳಿದಳು: "ಅಜ್ಜಾ, ಆ ತುದಿಗೆ ರಾತ್ರಿ ಹತ್ತರ ತನಕ ಬಿಸಿಲ ಇರತೈತಂತ!"

"ಹಂಗಾರ ಸಂಜಿಕ ಎರಡ ಸಲ ಉಂಡ್ರೂ ಪಾಪ ಇಲ್ಲ" ಎಂದು ಅಜ್ಜ ಕೆಮ್ಮು ಬರುವಷ್ಟು ನಕ್ಕರು.

ಸಮುದ್ರ ಒಗ್ಗುತ್ತದೋ ಇಲ್ಲವೋ ನೋಡಲು ಒಂದು ರವಿವಾರ ಹರಿಪುರದ ಸಂಗಮಕ್ಕೆ ಹೋಗಿ ದೋಣಿ ಹತ್ತಿದರು. ಯಶ ಮುಂದೆ ನಿಂತು ಕೂಗಾಡಿದ. ಸಂಪದಾ ಅರ್ಧ ಹೊಳೆಯಲ್ಲೇ ವಾಂತಿ ಮಾಡಿಕೊಂಡಳು. ಅವಳ ಬೆನ್ನು ಸವರುತ್ತ ಕುಳಿತ ವೃಷಾಲಿಗೆ, ತನಗೆ ಇದಕ್ಕಿಂತ ಹೆಚ್ಚು ಬೇಕಾದದ್ದೇನೂ ಇಲ್ಲ ಅನ್ನಿಸಿತ್ತು.

ಮಕ್ಕಳ ಪಾಸ್‌ಪೋರ್ಟಿಗೆ ತಾಯಿಯ ಒಪ್ಪಿಗೆ ಬೇಕಾಗಿತ್ತು. ಫೋನ್ ಮಾಡಿದಾಗ ಅಲಕಾ, "ನಾನ ಬರ್ತೀನಿ ಅಕ್ಕಾ. ಮಾತಾಡೂದೂ ಐತಿ" ಎಂದಳು. ಬಂದಾಗ ಜೊತೆಗೆ ಕೇತನ ಎಂಬವನಿದ್ದ. ಅವಳ ಆಫೀಸಿನವನು, ಮೆತ್ತಗಿನ ಮನುಷ್ಯ. ಯಶನಿಗೆ ಬ್ಯಾಟು ತಂದಿದ್ದ. ಅವನು ಮಕ್ಕಳೊಂದಿಗೆ ಅಂಗಳಕ್ಕೆ ಹೋದ ಮೇಲೆ ಅಲಕಾ ಹೇಳಿದಳು. ಮೇ ತಿಂಗಳಲ್ಲಿ ಮದುವೆ, ಜೂನಿನಿಂದ ಮಕ್ಕಳು ಪುಣೆಯ ಶಾಲೆಗೆ.

ವೃಷಾಲಿ ಚಾದ ಬಟ್ಟಲನ್ನು ಅವಳ ಮುಂದೆ ಸರಿಸಿದಳು. "ಚಲೋ ಆತು. ನಿನ್ನ ಮಕ್ಕಳು, ಕರ್ಕೊಂಡು ಹೋಗು. ಬ್ಯಾಡ ಅನ್ನಾಕ ನಾ ಯಾರ? ಆದ್ರ ಡಿಸೆಂಬರ್‌ದಾಗ ಒಂದ ಸಲ ನನ್ನ ಕೂಡ ಕಳಸು. ಹುಡುಗೂರು ಆಸೆ ಇಟ್ಕೊಂಡಾವು."

ಅಲಕಾಳ ಕಣ್ಣು ತುಂಬಿತು. "ಅಕ್ಕಾ, ಯಶ ಜ್ವರದಾಗ ನನ್ನ ಕೈ ಸರಿಸಿ ನಿಮ್ಮನ್ನ ಕರೀತಾನ. ನನ್ನ ಕಡೆ ಹೊಂದ್ಕೊಳ್ಳೂದರಾಗ ಮತ್ತ ನಿಮ್ಮ ಕೂಡ ಕಳಿಸಿದ್ರ, ಅವ ಎಂದೂ ನನಗ ಸಿಗೂದಿಲ್ಲ. ನಿಮ್ಮ ಕಾಲ ಬೀಳ್ತೀನಿ, ಅದೊಂದು ಕೇಳಬ್ಯಾಡ್ರಿ."

ತಿರುಗಿ ಹೇಳಲು ವೃಷಾಲಿಯ ಬಳಿ ನಾಲ್ಕು ವರ್ಷದ ಮಾತಿತ್ತು. ಆದರೆ ಅಲಕಾ ಹೇಳಿದ್ದು ನಿಜವೆಂದೂ ಗೊತ್ತಿತ್ತು. "ಚಾ ಆರಾಕತ್ತೈತಿ, ಕುಡಿ" ಎಂದಳು ಅಷ್ಟೇ.

ಮರುದಿನ ಟಿಕೀಟು ರದ್ದು ಮಾಡಿಸಿದಳು. ತೋಟದ ಹಣವನ್ನು ಮಕ್ಕಳ ಹೆಸರಿಗೆ ಹಾಕಿದಳು. ಯಶನಿಗೆ ಹಡಗು ಕೆಟ್ಟಿದೆ ಎಂದಳು.

"ರಿಪೇರಿ ಆಗೂದಿಲ್ಲೇನ?"

"ದೊಡ್ಡ ಹಡಗಲ್ಲೇನೋ, ಭಾಳ ದಿನ ಹಿಡೀತೈತಿ."

ಸಂಜೆ ಸಂಪದಾ ಅಡುಗೆಮನೆಗೆ ಬಂದು ಆತ್ಯಾಳ ಬೆನ್ನಿಗೆ ಮುಖ ಒತ್ತಿ, "ನನಗ ಹೆಂಗೂ ವಾಂತಿ ಬರತಿತ್ತ ಬಿಡು" ಎಂದಳು. ವೃಷಾಲಿ ಹಿಂದೆ ತಿರುಗಲಿಲ್ಲ. ತಿರುಗಿದ್ದರೆ ಹುಡುಗಿ ಅವಳ ಮುಖ ನೋಡುತ್ತಿದ್ದಳು.

ಜೂನಿನಲ್ಲಿ ಮಕ್ಕಳು ಹೋದರು. ಮೊದಮೊದಲು ದಿನಾ ಫೋನ್ ಬರುತ್ತಿತ್ತು, ಆಮೇಲೆ ರವಿವಾರಗಳಲ್ಲಿ. ಯಶ ಮೆಲ್ಲಗೆ ಮರಾಠಿಗೆ ಹೊರಳಿದ. ಅವಳು ಕನ್ನಡದಲ್ಲಿ ಕೇಳಿದರೆ ಅವನು ಮರಾಠಿಯಲ್ಲಿ ಉತ್ತರಿಸುತ್ತಿದ್ದ.

ಆ ಹಡಗು ಹೊರಡುವ ವಾರ ಅಂಗಡಿಯಲ್ಲಿ ಕೂರಲಾಗದೆ ವೃಷಾಲಿ ಪುಣೆಗೆ ಹೋದಳು. ಅಲಕಾ ಪ್ರೀತಿಯಿಂದಲೇ ಬಡಿಸಿದಳು. ಕೇತನ ಎರಡು ದಿನ ಇರಿ ಎಂದ. ಸಂಪದಾ ಆತ್ಯಾಳ ಮಗ್ಗುಲು ಬಿಟ್ಟು ಏಳಲಿಲ್ಲ. ಯಶ ಬಂದು ಒಮ್ಮೆ ತಬ್ಬಿಕೊಂಡು, ಹೊರಗಿನ ಕೋಣೆಯಲ್ಲಿ ಹೊಸ ಗೆಳೆಯರಿಗೆ ಅವಳನ್ನು ತೋರಿಸಿ "ಮಿರಜಚೀ ಆತ್ಯಾ", ಮಿರಜದ ಆತ್ಯಾ, ಎಂದು ಹೇಳಿ, ಆಡಲು ಓಡಿಹೋದ. ಹುಡುಗ ಮೈ ತುಂಬಿಕೊಂಡಿದ್ದ, ಸುಖವಾಗಿದ್ದ. ಅವಳು ಮಧ್ಯಾಹ್ನದ ಗಾಡಿಗೇ ಹೊರಟಳು.

ಸಾತಾರಾ ದಾಟಿದ ಮೇಲೆ ಅಳು ತಡೆಯಲಾಗಲಿಲ್ಲ. ಎದುರಿಗೆ ಕುಳಿತಿದ್ದ ಬೆಳಗಾವಿ ಕಡೆಯ ಹೆಂಗಸು ನೀರಿನ ಬಾಟಲಿ ಮುಂದೆ ಹಿಡಿದು ಕೇಳಿದಳು: "ಯಾರ ಹೋದ್ರವ್ವಾ?"

"ಯಾರೂ ಇಲ್ಲರಿ" ಎಂದಳು ವೃಷಾಲಿ. "ಎಲ್ಲಾರೂ ಅರಾಮ ಅದಾರ."

ಹೆಂಗಸು ಮತ್ತೇನೂ ಕೇಳದೆ ಪಕ್ಕಕ್ಕೆ ಬಂದು ಕುಳಿತಳು. ಮಿರಜ ಬರುವವರೆಗೂ ಹಾಗೇ ಕುಳಿತಿದ್ದಳು.

ಮನೆಯಲ್ಲಿ ಪಾರ್ಶ್ವನಾಥರು ಬಾಗಿಲಲ್ಲೇ ಕಾಯುತ್ತಿದ್ದರು. "ಹುಡುಗೂರು ನನ್ನ ಕೇಳಿದ್ರೇನ?"

"ಕೇಳಿದ್ರು ಅಪ್ಪಾ, ಇಬ್ಬರೂ ಕೇಳಿದ್ರು" ಎಂದಳು. ಕೇಳಿದ್ದವಳು ಸಂಪದಾ ಒಬ್ಬಳೇ.