ತೂಬಿನ ಮೇಲಿನ ಹಲಗೆ

ಆ ಹಲಗೆಯನ್ನು ತೆಗೆದವಳು ನಾನು. ಧೋಂಡುಕಾಕಾ ತೆಗೆಯಲಿಲ್ಲ. ಸೀಗಡಿಯ ಆಸೆಗೆ ಅವರು ತೂಬು ತೆರೆದಿಟ್ಟರು, ಊರಿನ ಗದ್ದೆಗೆ ಉಪ್ಪುನೀರು ಬಿಟ್ಟರು ಎಂದು ಹತ್ತು ವರ್ಷದಿಂದ ಜನ ಆಡಿಕೊಳ್ಳುತ್ತಿರುವುದು ಪೂರ್ತಿ ಸುಳ್ಳು — ಆ ಸುಳ್ಳಿಗೆ ಕಾವಲು ಕೂತವಳೂ ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲವಾದರೆ ಬೆಳಗಿನ ಗಾಳಿ, ಬೆಳ್ಳಕ್ಕಿ, ಉಪ್ಪುಕೆಸರಿನ ಕಾಂಡ್ಲಾ ಗಿಡ ಎಂದು ವರ್ಣಿಸುತ್ತ ಮತ್ತೆ ಜಾರಿಕೊಳ್ಳುವವಳೇ ನಾನು. ನನ್ನ ಬುದ್ಧಿ ನನಗೆ ಗೊತ್ತು.

ನಾನು ಶೈಲಾ. ಉಡುಪಿ ಕಡೆಯವಳು, ಮದುವೆಯಾಗಿ ಮರಾಠಿ ಸೀಮೆಯ ಕಾಮೋಠೆಗೆ ಬಂದವಳು. ಗಂಡನದು ಒಂದು ಚಿಕ್ಕ ಹೋಟೆಲು, ನನ್ನದು ಬೇಲಾಪುರದಲ್ಲಿ ಆಫೀಸು ಕೆಲಸ. 2008ರಲ್ಲಿ, ಮೂವತ್ತೆಂಟು ತುಂಬಿದ ಮೇಲೆ, ಆಫೀಸಿನ ಗೆಳತಿ ವಿಜಯಕ್ಕನ ಮಾತಿಗೆ ಮರುಳಾಗಿ ದಪ್ಪ ಟೈರಿನ ಗೇರ್ ಸೈಕಲ್ ಕೊಂಡೆ. ವಿಜಯಕ್ಕ ಧಾರವಾಡದವರು, ಮನೆ ಡೊಂಬಿವಲಿಯಲ್ಲಿ. ಭಾನುವಾರ ನಸುಕಿಗೇ ಕಾರಿನ ಹಿಂದೆ ಸೈಕಲ್ ಕಟ್ಟಿಕೊಂಡು ಬರುತ್ತಿದ್ದರು. ಡಾಂಬರು ರಸ್ತೆ ಅವರಿಗೆ ರುಚಿಸುತ್ತಿರಲಿಲ್ಲ. ಸಮುದ್ರದ ನೀರು ಒಳನುಗ್ಗುವ ಖಾಡಿಯ ಅಂಚಿನ ತಗ್ಗು ಗದ್ದೆಗಳು, ಉಪ್ಪುನೀರನ್ನು ತಡೆಯಲು ಊರವರು ಕಟ್ಟಿದ ಮಣ್ಣಿನ ಏರಿ, ಆ ಏರಿಯ ಮೇಲೆ ಒಂದೂವರೆ ಅಡಿ ಅಗಲದ ಕಾಲುದಾರಿ — ಅಲ್ಲೇ ಓಡಿಸಬೇಕು. ಬಲಕ್ಕೆ ಕೆಸರು, ಎಡಕ್ಕೆ ಭತ್ತ, ನಡುವೆ ಏಡಿ ತೋಡಿದ ತೂತು. ಟೈರಿನ ಗಾಳಿ ಸ್ವಲ್ಪ ಇಳಿಸಿ, ದೃಷ್ಟಿಯನ್ನು ಹತ್ತು ಮಾರು ಮುಂದಕ್ಕೆ ನೆಟ್ಟರೆ ಮಾತ್ರ ದಾಟಬಹುದು. ಎಷ್ಟು ಸಲ ಬಿದ್ದೆನೋ ಲೆಕ್ಕವಿಲ್ಲ. ಬಿದ್ದು ಎದ್ದು ನಕ್ಕಷ್ಟು ನಾನು ಮದುವೆಯಾದ ಮೇಲೆ ಬೇರೆಲ್ಲೂ ನಕ್ಕಿರಲಿಲ್ಲ.

ಧೋಂಡುಕಾಕಾ ಸಿಕ್ಕಿದ್ದು ಆ ಏರಿಯ ಮೇಲೆಯೇ. ಏರಿಯ ನಡುವೆ ಕಲ್ಲಿನ ತೂಬು, ತೂಬಿನ ಬದಿಗಲ್ಲಿನ ಸೀಳಿನಲ್ಲಿ ಒಂದರ ಮೇಲೊಂದು ಕೂರಿಸಿದ ನಾಲ್ಕು ಹಲಗೆ. ಮಳೆನೀರು ಹೆಚ್ಚಾದರೆ ಇಳಿತದ ಹೊತ್ತಿಗೆ ಹಲಗೆ ಎತ್ತಿ ಹೊರಬಿಡಬೇಕು, ಉಬ್ಬರ ಬರುವ ಮುಂಚೆ ಮುಚ್ಚಬೇಕು. ಊರವರು ಆ ಕೆಲಸವನ್ನು ತಲೆಮಾರಿನಿಂದ ಕಾಕಾನ ಮನೆಗೆ ಬಿಟ್ಟಿದ್ದರು. ಪ್ರತಿಫಲವಾಗಿ ತೂಬಿನ ಬಾಯಿಯಲ್ಲಿ ಸಿಗುವ ಮೀನು, ಸೀಗಡಿ ಅವರದು. ಒಮ್ಮೆ ನಾನು ಸೊಂಟದವರೆಗೆ ಕೆಸರಲ್ಲಿ ಹೂತಾಗ ಕೋಲು ಚಾಚಿ ಎಳೆದವರು ಅವರು. ಚಕ್ರಕ್ಕೆ ಮೆತ್ತಿದ ಮಣ್ಣನ್ನು ಬಿದಿರ ಚಕ್ಕೆಯಲ್ಲಿ ಕೆರೆದು ತೆಗೆದರು, ಕುಡಿಯಲು ನೀರು ಕೊಟ್ಟರು. ಅಂದಿನಿಂದ ನಾನು ಅವರಿಗೆ ಸೈಕಲ್ಲಿನ ಅಕ್ಕ, ಅವರ ಮರಾಠಿಯಲ್ಲಿ 'ಸಾಯ್ಕಲ್‌ವಾಲಿ ತಾಯಿ'.

ಅದೇ ವರ್ಷ, ನವರಾತ್ರಿಗೆ ಮುಂಚಿನ ಅಮಾವಾಸ್ಯೆಯ ಆಸುಪಾಸಿನ ಭಾನುವಾರ. ಬೆಳಿಗ್ಗೆ ಏಳರ ಹೊತ್ತು, ಪೂರ್ತಿ ಇಳಿತ. ತೂಬಿನ ಹೊರಗೆ ನೀರೇ ಇರಲಿಲ್ಲ, ಬರೀ ಹೊಳೆಯುವ ಕೆಸರು. ಮುಂದೆ, ಗದ್ದೆಗಳ ಎಲ್ಲೆಯ ಅಡ್ಡ ಏರಿ ದಾಟಿದ ಮೇಲೆ, ಪಾಳು ನೆಲದ ಪಕ್ಕ ಏರಿ ಕುಸಿದು ನಾಲ್ಕು ಅಡಿ ಅಗಲದ ಕೊರಕಲಾಗಿತ್ತು. ವಿಜಯಕ್ಕ ಎತ್ತರದ ಆಳು, ಸೈಕಲ್ಲನ್ನು ಹೆಗಲಿಗೇರಿಸಿ ಇಳಿದು ಹತ್ತಿ ಆಗಲೇ ಆಚೆ ಮುಟ್ಟಿದ್ದರು.

"ಏ ಶೈಲಾ, ಹೊತ್ಕೊಂಡ್ ದಾಟಿ ಬಾ. ಇಲ್ಲಾಂದ್ರ ಅಲ್ಲೇ ಕೂಡು, ನಾ ಸುತ್ತ್ ಹಾಕ್ಕೊಂಡ್ ಬರ್ತೀನಿ," ಎಂದು ಕೂಗಿ ನಗುತ್ತ ಮುಂದೆ ಹೋದರು.

ನನಗೆ ಸಿಟ್ಟು ಬಂತು. ಹಿಂದೆ ಬಂದೆ. ತೂಬಿನ ಮೇಲಿನ ಹಲಗೆ ಒಣಗಿ ನಿಂತಿತ್ತು — ನಾಲ್ಕರಲ್ಲಿ ಮೇಲಿನದೊಂದೇ ತಾನೆ — ಎರಡೂ ಕೈಯಲ್ಲಿ ಅಲ್ಲಾಡಿಸಿ ಎಳೆದೆ. ಕೊರಕಲಿಗೆ ಅಡ್ಡ ಹಾಕಿ ಸೈಕಲ್ ತಳ್ಳಿಕೊಂಡು ರಾಣಿಯಂತೆ ದಾಟಿದೆ. ಮರಳುವಾಗ ಇದ್ದಲ್ಲೇ ಇಟ್ಟರಾಯಿತು ಎಂದುಕೊಂಡೆ. ಮುಂದೆ ಕಾಯುತ್ತಿದ್ದ ವಿಜಯಕ್ಕ, ಕಾಲಿಗೆ ಕೆಸರೇ ಅಂಟಿಲ್ಲವಲ್ಲ ಎಂದು ಕಣ್ಣರಳಿಸಿದರು. ಹಲಗೆ ಹಾಕಿ ದಾಟಿದೆ ಎಂದೆ. "ಹಲಗಿ ಎಲ್ಲಿಂದ ತಂದಿ?" ಎಂದು ಕೇಳಿದರು. "ಅಲ್ಲೇ ಬಿದ್ದಿತ್ತು," ಎಂದೆ. ಅದು ಮೊದಲನೆಯ ಸುಳ್ಳು.

ಬಿಸಿಲೇರಿತೆಂದು ವಿಜಯಕ್ಕ ಮರಳುವಾಗ ಹೆದ್ದಾರಿ ಹಿಡಿಯೋಣ ಎಂದರು. ನಾನು ಬಾಯಿ ಬಿಡಲಿಲ್ಲ. ಬಿಟ್ಟಿದ್ದರೆ — ಹಲಗೆ ಎಲ್ಲಿಯದೆಂದು ಹೇಳಬೇಕಾಗುತ್ತಿತ್ತು, ಅವರಿಂದ ಬೈಸಿಕೊಳ್ಳಬೇಕಾಗುತ್ತಿತ್ತು. ಅಷ್ಟಕ್ಕೇ ಹೆದರಿದೆ.

ಇಲ್ಲಿಗೆ ನಿಲ್ಲಿಸಿದರೆ ನೀವು ನನ್ನನ್ನು ಅರ್ಧ ಕ್ಷಮಿಸಿಬಿಡುತ್ತೀರಿ: ಪೇಟೆಯ ಹೆಂಗಸು, ತೂಬು ಏನೆಂದು ಅವಳಿಗೇನು ಗೊತ್ತು ಎಂದು. ಗೊತ್ತಿತ್ತು. ನನ್ನ ತವರು ಹೊಳೆ ಸಮುದ್ರ ಸೇರುವಲ್ಲಿಂದ ಒಂದೇ ಮೈಲಿ ದೂರ. ಅಲ್ಲಿಯೂ ಕಿಂಡಿ ಕಟ್ಟವಿದೆ, ಮಳೆ ಮುಗಿದ ಮೇಲೆ ಉಪ್ಪುನೀರು ಮೇಲೇರದಂತೆ ಹಲಗೆ ಹಾಕುತ್ತಾರೆ. ನನ್ನ ಅಪ್ಪಯ್ಯ ಪ್ರತಿವರ್ಷ ಆ ಹಲಗೆಗಳ ಸಂದಿಗೆ ಜೇಡಿಮಣ್ಣು ಮೆತ್ತಲು ನನ್ನನ್ನೂ ಕರೆದೊಯ್ಯುತ್ತಿದ್ದರು. "ಹಲಗೆಗೆ ಕೈ ಹಾಕಿದ್ರೆ ಜಾಗ್ರತೆ ಹೆಣ್ಣೇ. ಒಂದ್ಸಲ ಉಪ್ಪು ಹೊಕ್ರೆ ಗದ್ದೆ ಮೂರು ವರ್ಷ ಏಳುದಿಲ್ಲ," ಎಂದು ಅವರು ಹೇಳಿದ್ದು ಈಗಲೂ ಕಿವಿಯಲ್ಲಿದೆ. ಹಲಗೆ ಎಳೆಯುವಾಗಲೂ ಇತ್ತು. ಈ ಇಡೀ ಪ್ರಾಂತ್ಯದ ಸೈಕಲ್ ಸವಾರರಲ್ಲಿ ಆ ಹಲಗೆಯನ್ನು ಮುಟ್ಟಬಾರದೆಂದು ತಿಳಿದಿದ್ದವಳು ಬಹುಶಃ ನಾನೊಬ್ಬಳೇ.

ಇನ್ನೊಂದಿದೆ. ಆ ಮಧ್ಯಾಹ್ನ ಮನೆಯಲ್ಲಿ ಊಟಕ್ಕೆ ಕೂತಾಗ ಗಡಿಯಾರ ನೋಡಿದೆ. ಹನ್ನೊಂದೂವರೆ. ಅಮಾವಾಸ್ಯೆಯ ದೊಡ್ಡ ಉಬ್ಬರ ಇಲ್ಲಿ ಹನ್ನೆರಡು ದಾಟಿದ ಮೇಲೆ ತುಂಬುತ್ತದೆ. ಸ್ಕೂಟರಿನಲ್ಲಿ ಹೊರಟರೆ ಇಪ್ಪತ್ತು ನಿಮಿಷ. ತುತ್ತು ಕೈಯಲ್ಲೇ ಉಳಿಯಿತು… ಅತ್ತೆ, "ಸೈಕಲ್ ಸುತ್ತಿ ಸುಸ್ತಾಯ್ತಾ?" ಎಂದರು. ಹೌದೆಂದೆ. ಸಾರು ಹಾಕಿಸಿಕೊಂಡೆ.

ಮುಂದಿನ ಭಾನುವಾರ ವಿಜಯಕ್ಕ ಬರಲಿಲ್ಲ, ಒಬ್ಬಳೇ ಹೋದೆ. ಹಾಲು ತುಂಬುತ್ತಿದ್ದ ಭತ್ತ ಬುಡದಿಂದ ತುದಿವರೆಗೆ ಸುಟ್ಟ ಬಣ್ಣಕ್ಕೆ ತಿರುಗಿತ್ತು. ಐದು ಮನೆಯವರ ಗದ್ದೆ. ಎಲ್ಲಕ್ಕಿಂತ ತಗ್ಗಿನದು, ಎಲ್ಲಕ್ಕಿಂತ ಮೊದಲು ಮುಳುಗಿದ್ದು ಕಾಕಾನದೇ. ತೂಬಿನಲ್ಲಿ ಹೊಸ ಹಲಗೆ ಕೂತಿತ್ತು. ಹಳೆಯದು ಕೊರಕಲಿನ ಪಕ್ಕ, ಉಬ್ಬರ ಎತ್ತಿ ಹಾಕಿದಲ್ಲಿ, ಹುಲ್ಲಿನೊಳಗೆ ಬಿದ್ದಿತ್ತು. ಅದರ ಮೇಲೆ ನನ್ನ ಟೈರಿನ ಹಲ್ಲಿನ ಗುರುತು ಒಣಮಣ್ಣಿನಲ್ಲಿ ಇನ್ನೂ ಇತ್ತು, ಅಥವಾ ನನಗೆ ಹಾಗೆ ಕಂಡಿತು. ಸುತ್ತ ನೋಡಿದೆ. ಯಾರೂ ಇರಲಿಲ್ಲ. ಕಾಂಡ್ಲಾ ಬೇರುಗಳ ನಡುವಿನ ಕೆಸರಿಗೆ ಅದನ್ನು ತಳ್ಳಿ, ಕಾಣದಾಗುವ ತನಕ ಕಾಲಿನಿಂದ ತುಳಿದೆ.

ಮರಳುವಾಗ, ಊರ ದೇವಸ್ಥಾನದ ಕಟ್ಟೆಯ ಮುಂದೆ ತೂಬಿನ ವಿಚಾರಣೆಗೆ ಜನ ಸೇರಿದ್ದರು. ಕಾಕಾ ನಡುವೆ ನಿಂತಿದ್ದರು, ತಲೆಯ ಮೇಲೆ ಟೋಪಿ ಇರಲಿಲ್ಲ. ನನ್ನನ್ನು ಕಂಡೊಡನೆ ಅವರ ಮುಖ ಅರಳಿತು. "ಹೀ ಬಗಾ, ಸಾಯ್ಕಲ್‌ವಾಲಿ ತಾಯಿ ಆಲೀ. ತಿಲಾ ವಿಚಾರಾ," ಎಂದರು — ನೋಡಿ, ಬಂದಳು, ಇವಳನ್ನೇ ಕೇಳಿ ಎಂದು. ಏರಿಯ ಮೇಲೆ ಚಕ್ರದ ಗುರುತು ಕಂಡಿದ್ದರಂತೆ. ನಾವು ಏನಾದರೂ ನೋಡಿರಬಹುದು ಎಂಬ ಆಸೆ ಅವರಿಗೆ. ನನ್ನ ಮೇಲೆ ಅನುಮಾನವಿರಲಿಲ್ಲ. ನನ್ನನ್ನು ಸಾಕ್ಷಿಗೆ ಕರೆದಿದ್ದರು!

ಊರಿನ ಹಿರಿಯರೊಬ್ಬರು, ಹೋದ ಭಾನುವಾರ ಏರಿಯ ಮೇಲೆ ಹೋಗಿದ್ದಿರಾ ಎಂದು ಕೇಳಿದರು.

"ಆಮ್ಹೀ ತಿಕಡೇ ಗೇಲೋಚ್ ನಾಹೀ," ಎಂದೆ. ನಾವು ಆ ಕಡೆ ಹೋಗಲೇ ಇಲ್ಲ.

ಕಾಕಾ ನನ್ನನ್ನು ನೋಡಿದರು. ಸಿಟ್ಟಿನಿಂದಲ್ಲ — ತಾವೇ ದಿನ ತಪ್ಪಿದೆನೇನೋ ಎಂದು ಲೆಕ್ಕ ಹಾಕುವವರಂತೆ. ಆಮೇಲೆ ತಲೆ ತಗ್ಗಿಸಿದರು. ಸೀಗಡಿಗಾಗಿ ಯಾರಾದರೂ ತನ್ನದೇ ಗದ್ದೆ ಮುಳುಗಿಸುತ್ತಾರೆಯೇ ಎಂದು ಅಲ್ಲಿ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ತೂಬಿನ ಕೆಲಸ ಆ ದಿನವೇ ಬೇರೆ ಮನೆಗೆ ಹೋಯಿತು.

ಏಕೆ ಹಾಗೆ ಹೇಳಿದೆ? ನಿಜ ತಿಳಿದರೆ ಮನೆಯಲ್ಲಿ ಸೈಕಲ್ಲು ಬಂದ್ ಆಗುತ್ತಿತ್ತು. ಈ ವಯಸ್ಸಿನಲ್ಲಿ ಚಡ್ಡಿ ಹಾಕಿಕೊಂಡು ಕೆಸರಲ್ಲಿ ಕುಣಿಯುತ್ತಾಳೆ ಎಂದು ಅತ್ತೆ ಮೊದಲೇ ಮುಖ ಸಿಂಡರಿಸುತ್ತಿದ್ದರು. ವಾರಕ್ಕೆ ನಾಲ್ಕು ಗಂಟೆಯ ನನ್ನ ಸುಖ ಉಳಿಸಿಕೊಳ್ಳಲು ಒಬ್ಬ ಮನುಷ್ಯನ ಹೆಸರನ್ನು ಕೆಸರಿಗೆ ತುಳಿದೆ. ತಮಾಷೆಯೆಂದರೆ ಆ ಸುಖವೂ ಉಳಿಯಲಿಲ್ಲ. ಆ ಏರಿಯ ಕಡೆ ಮತ್ತೆ ಹೋಗಲಾಗಲಿಲ್ಲ. ಸೀಗಡಿ ತಿನ್ನುವುದನ್ನು ಬಿಟ್ಟೆ. ಅದನ್ನು ದೊಡ್ಡ ಪ್ರಾಯಶ್ಚಿತ್ತವೆಂದು ಬಗೆಯಬೇಡಿ, ಎರಡೇ ತಿಂಗಳಲ್ಲಿ ಮತ್ತೆ ತಿಂದೆ.

ಹೀಗೆ ತಿನ್ನುತ್ತಲೇ ಇರುತ್ತಿದ್ದೆನೋ ಏನೋ. ಕಳೆದ ತಿಂಗಳು ಕಾಮೋಠೆಯ ಮೀನು ಮಾರುಕಟ್ಟೆಯಲ್ಲಿ ಹೊಸದಾಗಿ ಕೂತಿದ್ದ ಹೆಣ್ಣುಮಗಳೊಬ್ಬಳ ಹತ್ತಿರ ಸೀಗಡಿ ಇದೆಯೇ ಎಂದು ಕೇಳಿದೆ. "ಕೋಳಂಬೀ ಆಮ್ಹೀ ಠೇವತ್ ನಾಹೀ," — ಸೀಗಡಿ ನಾವು ಇಡುವುದಿಲ್ಲ — ಎಂದು ಮುಖ ತಿರುಗಿಸಿದಳು. ಪಕ್ಕದವಳು ಕಿಸಕ್ಕನೆ ನಕ್ಕು, ಇವಳು 'ಕೋಳಂಬೀ ಧೋಂಡು'ವಿನ ಸೊಸೆ, ಇಟ್ಟರೆ ಊರವರು ಆಡಿಕೊಳ್ಳುತ್ತಾರೆ ಎಂದಳು. ಆ ಹುಡುಗಿ ತಲೆ ಎತ್ತದೆ ಬಂಗಡೆ ಕೊಯ್ಯುತ್ತಲೇ ಇದ್ದಳು. ಹಲಗೆ ತೆಗೆದ ವರ್ಷ ಅವಳು ಆ ಮನೆಗೆ ಕಾಲಿಟ್ಟಿರಲೂ ಇಲ್ಲ.

ಮಾವ ಹೇಗಿದ್ದಾರೆ ಎಂದು ಕೇಳಿದೆ. ಇದ್ದಾರೆ, ಮನೆಯಿಂದ ಹೊರಗೆ ಹೆಚ್ಚು ಬರುವುದಿಲ್ಲ ಎಂದಳು.

ಮೊನ್ನೆ ಗಂಡನಿಗೆ ಎಲ್ಲವನ್ನೂ ಹೇಳಿದೆ. ಅವರು, "ಹೇಳುದಾದ್ರೆ ಹೇಳು ಮಾರಾಯ್ತಿ, ನಾನು ಬೇಡ ಅನ್ನುದಿಲ್ಲ. ಆದ್ರೆ ಗೊತ್ತಿಲ್ದೆ ಆಯ್ತು ಅಂತ ಒಂದು ಮಾತು ಸೇರ್ಸು. ಅವರಿಗೂ ಸಮಾಧಾನ, ನಿಂಗೂ ಮರ್ಯಾದೆ," ಎಂದರು. ಕಾಲೇಜಿಗೆ ಹೋಗುವ ಮಗಳು, "ಮಮ್ಮೀ, ಅಬ್ ಕ್ಯೂಂ?" ಎಂದಳು. ಈಗೇಕೆ ಎಂಬುದಕ್ಕೆ ನನ್ನ ಹತ್ತಿರ ಒಂದೇ ಉತ್ತರವಿತ್ತು: ಕಾಕಾ ಇನ್ನೂ ಬದುಕಿದ್ದಾರೆ.

ಹತ್ತು ಜನರೆದುರು ಆಡಿದ ಸುಳ್ಳನ್ನು ಅವರ ಕಿವಿಯಲ್ಲಿ ಮಾತ್ರ ಪಿಸುಗುಟ್ಟಿ ತಿದ್ದಲಾಗದು. ಈ ಭಾನುವಾರ ಅದೇ ಕಟ್ಟೆಯ ಮುಂದೆ ಊರವರನ್ನು ಸೇರಿಸಲು ಆ ಹಿರಿಯರಿಗೆ ಹೇಳಿಕಳಿಸಿದ್ದೇನೆ. ವಿಷಯ ಏನೆಂದು ಹೇಳಿಲ್ಲ. ಕಾಕಾನನ್ನು ಕರೆತರಲು ಸೊಸೆಯನ್ನು ಕೇಳಿಕೊಂಡಿದ್ದೇನೆ. ಹಲಗೆಯನ್ನು ತುಳಿದ ಜಾಗ ತೋರಿಸುತ್ತೇನೆ, ಅಗೆದರೆ ಸಿಕ್ಕೀತು. ಅವರು ಬೈದರೆ ಬೈಸಿಕೊಳ್ಳುತ್ತೇನೆ, ಮುಖ ನೋಡದಿದ್ದರೆ — ಅದನ್ನೂ. ಕ್ಷಮೆ ಕೇಳಲು ನನಗೆ ಬಾಯಿಯಿಲ್ಲ. ಅವರ ಹೆಸರನ್ನು ಅವರಿಗೆ ಮರಳಿಸಬೇಕು, ಅಷ್ಟೇ.

ಮರಾಠಿಯಲ್ಲಿ ಹೇಳಬೇಕಾದ ಮಾತನ್ನು ಒಂದು ಹಾಳೆಯಲ್ಲಿ ಬರೆದುಕೊಂಡೆ. ಮೊದಲ ಸಾಲಿನಲ್ಲಿ 'ಗೊತ್ತಿಲ್ಲದೆ' ಎಂಬ ಮಾತು ತಾನಾಗಿ ಬಂದು ಕೂತಿತ್ತು, ಗಂಡ ಹೇಳಿಕೊಟ್ಟದ್ದು. ನಿನ್ನೆ ಅದನ್ನು ಹೊಡೆದುಹಾಕಿದೆ. ಈಗ ಆ ಸಾಲು ಇಷ್ಟೇ ಇದೆ: ಕಾಕಾ, ಹಲಗೆ ನಾನು ತೆಗೆದೆ, ಏನಾಗುತ್ತದೆಂದು ನನಗೆ ಗೊತ್ತಿತ್ತು.