ಮುಂದೆ ಗಾಳಿಚೀಲ, ಹಿಂದೆ ಸ್ಪ್ರಿಂಗು

ತನ್ನ ದಡ್ಡತನದ ಕಥೆಯನ್ನು ಹಾನಗಲ್ಲಿನ ಭತ್ತದ ವ್ಯಾಪಾರಿ ಮಹಾಲಿಂಗಪ್ಪನಷ್ಟು ಚೆಂದ ಮಾಡಿ ಹೇಳುವವರು ಸುತ್ತಿನ ತಾಲೂಕುಗಳಲ್ಲಿ ಸಿಗಲಿಕ್ಕಿಲ್ಲ. ಕಂಪನಿಯವರು ಮಾಡಿಕೊಟ್ಟ ಯಾವ ಸಾಮಾನೂ ಅವನಿಗೆ ಸರಿ ಕಾಣದು. ಒಂದರದ್ದು ಕಿತ್ತು ಇನ್ನೊಂದಕ್ಕೆ ಹಚ್ಚಲೇಬೇಕು. ಅವನ ಮನೆಯ ಫ್ಯಾನಿಗೆ ಒಂದು ಕಂಪನಿಯ ಮೋಟಾರು, ಇನ್ನೊಂದರ ರೆಕ್ಕೆ. ಹಚ್ಚಿದರೆ ಗಾಳಿಗಿಂತ ಸಪ್ಪಳವೇ ಹೆಚ್ಚು. “ದೇವರು ನನ್ನ ಕೈಯಾಗ ನಟ್ಟು ಬಿಚ್ಚೂ ಪಾನಾ ಕೊಟ್ಟ, ತಲ್ಯಾಗ ಏನರ ಇಡಾಕ ಮರತ” ಎಂದು ತಾನೇ ನಗುತ್ತಾನೆ.

ಇಂಥವನ ಕೈಗೆ ಹುಬ್ಬಳ್ಳಿಯ ಗುತ್ತಿಗೆದಾರನೊಬ್ಬನ ಹಳೆಯ ಐಷಾರಾಮಿ ಗಾಡಿ ಸಿಕ್ಕಿತು. ಅದರ ನಾಲ್ಕೂ ಗಾಲಿಗೆ ಸ್ಪ್ರಿಂಗಿನ ಬದಲು ರಬ್ಬರಿನ ಗಾಳಿಚೀಲ. ಗುಂಡಿ ಒತ್ತಿದರೆ ಗಾಡಿ ಏಳುತ್ತದೆ, ಮತ್ತೆ ಒತ್ತಿದರೆ ಕೂಡುತ್ತದೆ. ಬಿಡ್ತಾನೆಯೇ! ಪೇಟೆಯ ನಡುವೆ ನಿಲ್ಲಿಸಿಕೊಂಡು ಕಂಡಕಂಡವರಿಗೆಲ್ಲ ಏಳಿಸಿ ಕೂಡಿಸಿ ತೋರಿಸಿದ. ಒಂದು ದಿನ, ಹಿಂದಿನ ಗಾಲಿಗಳ ಎರಡೂ ಚೀಲ ಹರಿದು ಗಾಡಿ ಮಲಗಿದ ಎಮ್ಮೆಯಂತೆ ಕೂತೇಬಿಟ್ಟಿತು.

ಹೊತ್ತು ನೋಡಿ ಕೆಟ್ಟಿತ್ತು ಅದು. ಹಿರೇಕೆರೂರಿಗೆ ಕೊಟ್ಟ ಒಬ್ಬಳೇ ಮಗಳು ತನುಜಾ ಏಳು ತಿಂಗಳ ಬಸುರಿ. ಹಿಂದಿನ ಬಸಿರು ನಿಂತಿರಲಿಲ್ಲ. ಈ ಸಲ ಕುಲುಕಾಟ ಬೇಡವೇ ಬೇಡ ಎಂದು ಡಾಕ್ಟರಮ್ಮ ಬಿಗಿಯಾಗಿ ಹೇಳಿದ್ದರು. ಕುಬಸದ ಶಾಸ್ತ್ರ ಮುಗಿಸಿ ಅವಳನ್ನು ತವರಿಗೆ ಕರೆತರುವ ದಿನವೂ ಗೊತ್ತಾಗಿತ್ತು. ಬೀಗತಿ ಸರೋಜವ್ವನ ಮುಂದೆ ಇವನು ಎದೆ ಉಬ್ಬಿಸಿ, “ನನ್ನ ಗಾಡ್ಯಾಗ ಕರಕೊಂಡು ಬರ್ತೇನ್ರಿ. ಹೊಟ್ಟ್ಯಾಗಿನ ನೀರು ಸುದ್ದಾ ಅಲುಗೂದಿಲ್ಲ” ಎಂದು ಹೇಳಿಬಿಟ್ಟಿದ್ದ.

ಹೊಸ ಚೀಲ ಹೊರದೇಶದಿಂದ ಬರಬೇಕು, ತಡವಾಗುತ್ತದೆ ಎಂದರು ಶೋರೂಮಿನವರು. ಬಾಡಿಗೆ ಕಾರು ಮಾಡೋಣ ಎಂದಳು ಹೆಂಡತಿ ನೀಲಾಂಬಿಕಾ. ಮಹಾಲಿಂಗಪ್ಪ ಇಬ್ಬರ ಮಾತನ್ನೂ ಕೇಳದೆ ಗಾಡಿ ಎಳೆಸಿಕೊಂಡು ಶಿಗ್ಗಾಂವಿಗೆ, ಗ್ಯಾರೇಜಿನ ಮೆಹಬೂಬನ ಹತ್ತಿರ ಹೋದ. ಮೆಹಬೂಬನೂ ಇವನಂಥವನೇ. ಹುಚ್ಚು ಮುಂಡೆ ಮದುವೇಲಿ ಉಂಡೋನೇ ಜಾಣ ಅಂತಾರಲ್ಲ, ಇಲ್ಲಿ ಉಣ್ಣುವ ಜಾಣನೂ ಇರಲಿಲ್ಲ, ಇಬ್ಬರೂ ಹುಚ್ಚರೇ.

“ಹಿಂದ ಸರಕಿನ ಗಾಡಿ ಸ್ಪ್ರಿಂಗ್ ಹಾಕೇ ಬಿಡೂಣೇನ್ರಿ ಅಣ್ಣಾರ? ಉಕ್ಕಿನಂಥಾ ಸಾಮಾನು!” ಎಂದ ಮೆಹಬೂಬ.

“ಹಾಕು. ಶಾಕ್ ಅಬ್ಸಾರ್ಬರ್ ಬ್ಯಾರೆ ಗಾಡೀದು ಹಚ್ಚು, ಗಟ್ಟಿ ಇರೂವು. ಮುಂದ ಗಾಳಿಚೀಲ ಹಂಗ ಇರಲಿ. ಇದಕ್ಕ ಅಪ್‌ಗ್ರೇಡ್ ಅಂತಾರಪಾ.”

ಅಪ್‌ಗ್ರೇಡ್ ಆದ ಗಾಡಿ ತಡಸದ ದಾರಿಯಲ್ಲಿ ತನ್ನ ಗುಣ ತೋರಿಸಿತು. ಮುಂದಿನ ಗಾಲಿ ತಗ್ಗಿಗೆ ಮೆಲ್ಲಗೆ ಇಳಿದರೆ ಹಿಂದಿನದು ಝಾಡಿಸಿ ಒದೆಯುತ್ತಿತ್ತು. ಮಹಾಲಿಂಗಪ್ಪನ ನೆತ್ತಿ ಚಾವಣಿಗೆ ಬಡಿಯಿತು. ಫೋನು ಮಾಡಿದರೆ ಮೆಹಬೂಬ, “ಭಾರ ಹೊರೂ ಸ್ಪ್ರಿಂಗ್ ಅಲ್ಲೇನ್ರಿ? ಭಾರ ಹಾಕ್ರಿ, ಮೆತ್ತಗಾಗತೈತಿ” ಎಂದ. ಭತ್ತದ ವ್ಯಾಪಾರಿಗೆ ಭಾರಕ್ಕೇನು ಬರ! ನಾಲ್ಕು ಚೀಲ ಭತ್ತ ಹಿಂದೆ ಏರಿಸಿದ.

ಹಿರೇಕೆರೂರಿಗೆ ಹೊರಟಾಗ ಗಾಡಿಯ ಮೂತಿ ಆಕಾಶ ನೋಡುತ್ತಿತ್ತು. ಬುತ್ತಿಗೆಂದು ನೀಲಾಂಬಿಕಾ ತೊಡೆಯ ಮೇಲಿಟ್ಟುಕೊಂಡ ಮೊಸರಿನ ಗಡಿಗೆಯಲ್ಲಿ ಊರು ಮುಟ್ಟುವಷ್ಟರಲ್ಲಿ ಬೆಣ್ಣೆ ತೇಲುತ್ತಿತ್ತು. “ಮಿಕ್ಸರ್ ಬ್ಯಾಡಾತು ಬಿಡ್ರಿ ಇನ್ನ” ಎಂದಳು ಅವಳು. ಬೀಗರ ಓಣಿಯವರು ಚೀಲ ನೋಡಿ, “ಮಗಳನ್ನ ಕರಿಯಾಕ ಬಂದ್ರೋ, ಭತ್ತ ಮಾರಾಕ ಬಂದ್ರೋ?” ಎಂದು ಕೇಳಿದರು. ಅವನೂ ಹಲ್ಲು ಕಿರಿದ.

ಉಡಿ ತುಂಬಿಸಿಕೊಂಡು ತನುಜಾ ಬಂದು ತಾಯಿಯ ಪಕ್ಕ ಕೂತಳು. ಓಣಿಗೆ ಓಣಿಯೇ ಬಾಗಿಲಿಗೆ ಬಂದು ನಿಂತಿತ್ತು. ಮಹಾಲಿಂಗಪ್ಪ ಗಾಡಿಯನ್ನು ಮೆಲ್ಲಗೇ ಬಿಟ್ಟ. ಓಣಿಯ ತುದಿಯಲ್ಲಿ ಗಟಾರದ ಮೇಲಿನ ಸಣ್ಣ ಉಬ್ಬು. ಮುಂದಿನ ಗಾಲಿ ದಾಟಿತು, ಹಿಂದಿನದು ಧಡ್ ಎಂದಿತು. ಕನ್ನಡಿಯಲ್ಲಿ ನೋಡಿದ. ಮಗಳು ಎರಡೂ ಕೈಯಿಂದ ಹೊಟ್ಟೆಯನ್ನು ಅವುಚಿ ಹಿಡಿದು ತುಟಿ ಕಚ್ಚಿದ್ದಳು. ಅಪ್ಪ ನೋಡಿದ್ದು ಕಂಡದ್ದೇ ನಕ್ಕಳು.

“ಏನೂ ಆಗಿಲ್ಲಪ್ಪ. ಆರಾಮದೇನಿ, ನೀ ನಡಿ.”

ತಂದೆಯ ಮಾನ ಉಳಿಸಲು ಈ ಹುಡುಗಿ ಹಾನಗಲ್ಲಿನವರೆಗೂ ಹೀಗೇ ತುಟಿ ಕಚ್ಚಿಕೊಂಡು ಬರುತ್ತಾಳೆ! ಹಿಂದೆ ಓಣಿಯವರು ಇನ್ನೂ ಕೈ ಬೀಸುತ್ತಿದ್ದರು. ಈಗ ತಿರುಗಿ ಹೋದರೆ ಈ ಊರಲ್ಲಿ ಮುಖ ಎತ್ತುವ ಹಾಗಿಲ್ಲ. ಆದರೂ ಗಾಡಿ ನಿಲ್ಲಿಸಿದ. ಮಗಳನ್ನೂ ಹೆಂಡತಿಯನ್ನೂ ಇಳಿಸಿ, ಅವರ ಹಿಂದೆ ತಾನೂ ನಡೆದೇ ಬೀಗರ ಬಾಗಿಲಿಗೆ ಬಂದ.

“ಬೀಗತ್ಯಾರ, ನಿಮ್ಮ ಸಣ್ಣ ಕಾರು ಕೊಡ್ರಿ. ನನ್ನ ಮಗಳಿಗೆ ನನ್ನ ಗಾಡಿ ಬ್ಯಾಡ.”

ಸರೋಜವ್ವ ಗಲ್ಲಕ್ಕೆ ಕೈಯಿಟ್ಟಳು. “ಅಯ್ಯ, ಅಷ್ಟ ದೊಡ್ಡ ಗಾಡಿ ಬಿಟ್ಟು?”

“ಗಾಡಿ ದೊಡ್ಡದೈತ್ರಿ. ರಿಪೇರಿ ಮಾಡಿಸಿದಾವನ ಬುದ್ಧಿ ಸಣ್ಣದು.”

ಓಣಿಯವರೆಲ್ಲ ಗೊಳ್ಳೆಂದು ನಕ್ಕರು. ಎಲ್ಲರಿಗಿಂತ ಜೋರಾಗಿ ಅವನೇ ನಕ್ಕ; ನಗುತ್ತಲೇ ಕಣ್ಣು ಒರೆಸಿಕೊಂಡ.

ಅಳಿಯ ಬಸವೇಶ ಸಣ್ಣ ಕಾರನ್ನು ನಿಧಾನ ನಡೆಸಿದ. ಹಿಂದೆ ಮಹಾಲಿಂಗಪ್ಪ ಒಬ್ಬನೇ, ನಾಲ್ಕು ಚೀಲ ಭತ್ತದ ಜೊತೆ, ತಗ್ಗಿಗೊಮ್ಮೆ ಎಗರಿ ಬೀಳುತ್ತ ಬಂದ. ಮುಂದಿನ ಕಾರಿನ ಗಾಜಿನಲ್ಲಿ ಮಗಳ ತಲೆ ತಾಯಿಯ ಹೆಗಲಿಗೆ ಒರಗಿದ್ದು ಕಾಣುತ್ತಿತ್ತು. ಅವಳು ನಿದ್ದೆ ಹೋಗಿದ್ದಳು.